ಒಂದು ಲ್ಯಾಟಿನ್ ವಾಕ್ಯ, ಐದು ಬಾಯಿ: ಭಾನುವಾರದ ಆಟ ಆಡುವ ಬಗೆ

ಕೋಲಾರದಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. 22 ವರ್ಷದಿಂದ ಅದೇ ಕೌಂಟರ್ ಹಿಂದೆ ನಿಂತಿದ್ದೇನೆ. ಡಾಕ್ಟರ ಚೀಟಿಯಲ್ಲಿ ಎರಡಕ್ಷರ ಇರುತ್ತದೆ, ಅದನ್ನು ಎದುರಿಗೆ ನಿಂತವರ ಮಾತಿನಲ್ಲಿ ಹೇಳುವುದು ನನ್ನ ಕೆಲಸ. ‘ಪಿ.ಸಿ.’ ಅಂತಿದ್ದರೆ ಒಬ್ಬರಿಗೆ ‘ಊಟ ಆದ್ಮೇಲೆ’ ಅನ್ನಬೇಕು, ಅವರ ಹಿಂದೆ ನಿಂತವರಿಗೆ ‘ತಿನ್ನಾಕ’, ಆಮೇಲೆ ಬಂದವರಿಗೆ ‘ಸಾಪ್ಟಪ್ಪುರಂ’, ಇನ್ನೊಬ್ಬರಿಗೆ ‘ಖಾನೇ ಕೆ ಬಾದ್’. ಈ ಕಡೆ ಆಂಧ್ರ, ಆ ಕಡೆ ತಮಿಳುನಾಡು. ನಾಲ್ಕು ಭಾಷೆ ಬಾರದೆ ನಮ್ಮೂರಲ್ಲಿ ಕೌಂಟರ್ ನಡೆಯುವುದಿಲ್ಲ. ಆದರೆ ಆ ಎರಡಕ್ಷರ ಯಾವ ಭಾಷೆಯದು ಅಂತ ಯಾರೂ ಕೇಳುವುದಿಲ್ಲ. ಅದು ಲ್ಯಾಟಿನ್, ಹಳೆಯ ರೋಮಿನವರ ಭಾಷೆ. ‘ಪೊಸ್ತ್ ಕಿಬುಂ’, ಅಂದರೆ ಊಟದ ಬಳಿಕ.

ಆರು ವರ್ಷದ ಹಿಂದೆ ಟೊಮೇಟೊ ಮಂಡಿಯಲ್ಲಿ ರಾತ್ರಿ ಕಾವಲಿಗಿದ್ದ ಒಬ್ಬ ಅಣ್ಣ ಅಂಗಡಿಗೆ ಬಂದರು. ಮೈಯೆಲ್ಲ ನವೆ. ಚೀಟಿಯಲ್ಲಿ ಮಾತ್ರೆಯ ಮುಂದೆ ‘ಎಚ್.ಎಸ್.’ ಅಂತಿತ್ತು. ಅಂಗಡಿ ತುಂಬ ಜನ. ನಾನು ‘ರಾತ್ರಿ ಒಂದು ತಗೊಳ್ಳಿ ಅಣ್ಣ’ ಎಂದು ಕವರಿಗೆ ಹಾಕಿ ಕೊಟ್ಟುಬಿಟ್ಟೆ. ಅವರು ನಾನು ಹೇಳಿದ ಹಾಗೇ ರಾತ್ರಿ ಎಂಟಕ್ಕೆ ನುಂಗಿ ಡ್ಯೂಟಿಗೆ ಹೋದರು. ಅದು ನಿದ್ದೆ ಬರಿಸುವ ಮಾತ್ರೆ. ಕ್ರೇಟುಗಳ ಸಂದಿಯಲ್ಲಿ ಒರಗಿದವರು ಬೆಳಗಿನ ತನಕ ಏಳಲಿಲ್ಲವಂತೆ. ಮೂರು ದಿನದ ಕೂಲಿ ಹೋಯಿತು.

‘ಎಚ್.ಎಸ್.’ ಎಂದರೆ ‘ಹೋರಾ ಸೊಮ್ನೀ’. ನಿದ್ದೆಯ ಹೊತ್ತಿನಲ್ಲಿ. ರಾತ್ರಿ ಎಂದು ಆ ಲ್ಯಾಟಿನ್ ಎಲ್ಲೂ ಹೇಳಿಲ್ಲ. ರಾತ್ರಿಯನ್ನು ಸೇರಿಸಿದವಳು ನಾನು. ಆ ಅಣ್ಣ ಮಲಗುವುದು ಬೆಳಿಗ್ಗೆ ಎಂಟಕ್ಕೆ.

ಆ ಭಾನುವಾರ ಮನೆಯಲ್ಲಿ ಇದನ್ನು ಹೇಳಿಕೊಂಡು ಬೇಜಾರು ಮಾಡಿಕೊಂಡಿದ್ದೆ. ನಮ್ಮ ಅತ್ತೆ ಮುಳಬಾಗಿಲು ಕಡೆಯವರು, ಮನೆಮಾತು ತೆಲುಗು. ‘ನಾನಾಗಿದ್ರೆ ಪಡುಕುನೇಟಪ್ಪುಡು ಅಂತಿದ್ದೆ ಕಣಮ್ಮ’ ಎಂದರು. ಪಕ್ಕದ ಮನೆಯ ಅಕ್ಕ ಕೆ.ಜಿ.ಎಫ್.ನಲ್ಲಿ ಹುಟ್ಟಿದ ತಮಿಳಿನವರು. ಅವರು ‘ಪಡುಕ್ಕುಂಬೋದು’ ಎಂದರು. ಎರಡರಲ್ಲೂ ರಾತ್ರಿ ಇಲ್ಲ. ಎರಡರಲ್ಲೂ ಇರುವುದು ಪಡು, ಅಂದರೆ ಮಲಗು. ಹಳಗನ್ನಡದಲ್ಲೂ ಆ ಮಾತು ಇತ್ತು. ಸೂರ್ಯ ಮಲಗುವ ದಿಕ್ಕು ಪಡುವಣ ಆದದ್ದು ಅದರಿಂದಲೇ. ಹೀಗೆ ಒಂದು ಚೀಟಿಯ ಸುತ್ತ ನಾಲ್ಕೈದು ಜನ ಕೂತು ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ನೋಡಿದ್ದೇ ಈ ಆಟದ ಶುರು. ಅವತ್ತಿನಿಂದ ತಿಂಗಳಿಗೆ ಎರಡು ಭಾನುವಾರವಾದರೂ ಆಡುತ್ತೇವೆ. ನೀವೂ ಆಡಬೇಕು ಅಂತ ನನಗೆ ಆಸೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಆಟ ಇಷ್ಟೇ. ಉದ್ದನೆಯ ಕಾಗದದ ಪಟ್ಟಿಯ ಮೇಲ್ತುದಿಯಲ್ಲಿ ಒಂದು ಲ್ಯಾಟಿನ್ ವಾಕ್ಯ ಬರೆಯಿರಿ. ಮೊದಲನೆಯವರು ಅದನ್ನು ಕನ್ನಡಕ್ಕೆ ತಂದು ಕೆಳಗೆ ಬರೆದು, ಲ್ಯಾಟಿನ್ ಕಾಣದ ಹಾಗೆ ಮಡಚುತ್ತಾರೆ. ಎರಡನೆಯವರು ಕನ್ನಡ ಮಾತ್ರ ನೋಡಿ ತೆಲುಗಿಗೆ ತರುತ್ತಾರೆ, ಮಡಚುತ್ತಾರೆ. ಆಮೇಲೆ ತಮಿಳು, ಆಮೇಲೆ ಉರ್ದು. ಕೊನೆಯವರು ಅದನ್ನು ಮತ್ತೆ ಕನ್ನಡಕ್ಕೆ ತರುತ್ತಾರೆ. ಪಟ್ಟಿ ಬಿಚ್ಚಿ ಮೇಲಿನಿಂದ ಕೆಳಗೆ ಓದಿದರೆ, ಮಾತು ಎಲ್ಲಿ ಹೊಸ ಬಟ್ಟೆ ತೊಟ್ಟಿತು, ಎಲ್ಲಿ ಬಿಚ್ಚಿಟ್ಟಿತು ಅಂತ ಕಾಣುತ್ತದೆ.

ನಮ್ಮ ಮನೆಯ ಸಾಲಿನಲ್ಲಿ ಮೊದಲು ಮಗಳು, ಆಮೇಲೆ ಅತ್ತೆ, ಆಮೇಲೆ ಪಕ್ಕದ ಮನೆಯ ಅಕ್ಕ, ಆಮೇಲೆ ನಮ್ಮ ಅಂಗಡಿಯ ಹುಡುಗ, ಕೊನೆಗೆ ನಮ್ಮ ಯಜಮಾನರು. ಹುಡುಗನ ಮನೆಯಲ್ಲಿ ಆಡುವುದು ದಖನಿ ಉರ್ದು. ತಮಿಳೂ ಚೆನ್ನಾಗಿ ಬರುತ್ತದೆ. ನಾನು ಸಾಲಿನಲ್ಲಿ ಕೂರುವುದಿಲ್ಲ, ವಾಕ್ಯ ತಯಾರು ಮಾಡುವುದು ನನ್ನ ಪಾಲು. ನಿಮ್ಮ ಮನೆಯಲ್ಲಿ ಮೂರೇ ಭಾಷೆ ಇದ್ದರೂ ನಡೆಯುತ್ತದೆ. ಕೊಂಕಣಿ, ತುಳು, ಲಂಬಾಣಿ ಇದ್ದರೆ ಇನ್ನೂ ಚೆಂದ. ಎರಡೇ ಇದ್ದರೆ ರುಚಿ ಕಮ್ಮಿ.

ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ. ಇದು ನಾವು ಎರಡು ಮೂರು ಸಲ ಎಡವಿ ಕಲಿತದ್ದು. ಅತ್ತೆಗೆ ತೆಲುಗು ಬರುತ್ತದೆ, ತೆಲುಗು ಅಕ್ಷರ ಬರುವುದಿಲ್ಲ, ಅವರು ಓದಿದ್ದು ಕನ್ನಡ ಶಾಲೆಯಲ್ಲಿ. ಅಕ್ಕ ಓದಿದ್ದು ತಮಿಳಿನಲ್ಲಿ. ಹಾಗಾಗಿ ಅವರು ಕಿವಿಯಲ್ಲಿ ಕೇಳಿ ಬಾಯಲ್ಲಿ ಹೇಳುತ್ತಾರೆ, ಮಗಳು ಬರೆದುಕೊಳ್ಳುತ್ತಾಳೆ. ಅಡ್ಡಿಯಿಲ್ಲ. ಫೋನ್ ಮಾತ್ರ ದೂರ ಇಡಿ. ನಡುವೆ ಯಾರಾದರೂ ಯಂತ್ರಕ್ಕೆ ಕೇಳಿದರೆ ಆ ಸುತ್ತು ಅಲ್ಲಿಗೇ ಸತ್ತ ಹಾಗೆ.

ಈಗ ಲ್ಯಾಟಿನ್ ಬಗ್ಗೆ. ಹೆದರಬೇಡಿ. ನಾನು ಡಿ.ಫಾರ್ಮಾ ಓದುವಾಗ ಕಲಿತದ್ದು ಚೀಟಿಯ ಹತ್ತಿಪ್ಪತ್ತು ಮಾತು, ಅಷ್ಟೇ. ಆಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಂದು ಹಳೆಯ ಪಾಠದ ಪುಸ್ತಕ ಕೊಂಡು ಸಂಜೆ ಹೊತ್ತು ಓದಿದೆ. ಓದುತ್ತಾ ಹೋದಂತೆ ಇದು ನಮ್ಮ ವ್ಯಾಕರಣವೇ ಅಲ್ವಾ ಅನ್ನಿಸಿತು. ಹೈಸ್ಕೂಲಿನಲ್ಲಿ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಅಂತ ಬಾಯಿಪಾಠ ಮಾಡಿದವರಿಗೆ ಲ್ಯಾಟಿನ್‌ನ ಅರ್ಧ ಭಯ ಅಲ್ಲೇ ಹೋಗುತ್ತದೆ. ಅಲ್ಲೂ ಪದದ ಬಾಲದಲ್ಲೇ ವಿಭಕ್ತಿ. ‘ಗುತ್ತ ಕವತ್ ಲಪಿದೆಂ’ ಅಂತ ಓವಿಡ್ ಎಂಬ ಕವಿಯ ಒಂದು ಸಾಲಿದೆ. ಕಪ್ಪು ಸಮುದ್ರದ ದಡಕ್ಕೆ ಗಡೀಪಾರಾಗಿದ್ದಾಗ ಬರೆದದ್ದು. ಗುತ್ತ ಎಂದರೆ ಹನಿ, ಕವತ್ ಎಂದರೆ ಕೊರೆಯುತ್ತದೆ, ಲಪಿದೆಂ ಎಂದರೆ ಕಲ್ಲನ್ನು. ಕೊನೆಯ ಆ ‘ಂ’ ಇದೆಯಲ್ಲ, ಅದೇ ‘ಅನ್ನು’. ಹಳಗನ್ನಡದಲ್ಲಿ ‘ಕಲ್ಲಂ’ ಅಂತಿದ್ದರಲ್ಲ, ಹಾಗೇ. ಎರಡಕ್ಕೂ ನೆಂಟಸ್ತಿಕೆ ಇಲ್ಲ, ಹೀಗೇ ಹೊಂದಿಕೊಂಡಿದೆ. ಆದರೆ ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭದ ದಾರಿ ಬೇಕಾ?

ಬಾಲ ಇರುವುದರಿಂದ ಪದಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲ. ‘ಲಪಿದೆಂ ಗುತ್ತ ಕವತ್’ ಎಂದರೂ ಕೊರೆಯುವುದು ಹನಿಯೇ. ‘ಕಲ್ಲನ್ನು ಹನಿ ಕೊರೆಯುತ್ತದೆ’ ಅಂದ ಹಾಗೆ. ಪ್ರಶ್ನೆಗೂ ಬಾಲ. ‘ವೆನೀಸ್’ ಎಂದರೆ ಬರುತ್ತೀಯ, ‘ವೆನೀಸ್‌ನೆ’ ಎಂದರೆ ಬರ್ತೀಯಾ? ಉತ್ತರಕ್ಕೆ ‘ಹೌದು’ ಬೇಕಿಲ್ಲ, ‘ವೆನಿಯೋ’, ಬರ್ತೀನಿ, ಅಂದರೆ ಆಯಿತು. ನಾವೂ ಹಾಗೇ ಮಾತಾಡುವುದು.

ಇನ್ನು ಉಚ್ಚಾರ. ಇಲ್ಲಿ ನಮ್ಮ ಲಿಪಿಗೆ ಕೈ ಮುಗಿಯಬೇಕು. ಲ್ಯಾಟಿನ್‌ನಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ತಪ್ಪುತ್ತದೆ. ‘ವೆನಿತ್’ ಎಂದರೆ ಬರುತ್ತಾನೆ, ‘ವೇನಿತ್’ ಎಂದರೆ ಬಂದ. ‘ಲೆಗಿತ್’ ಓದುತ್ತಾನೆ, ‘ಲೇಗಿತ್’ ಓದಿದ. ‘ಮಲುಂ’ ಕೆಟ್ಟದ್ದು, ‘ಮಾಲುಂ’ ಸೇಬಿನ ಹಣ್ಣು. ಸಾಮಾನ್ಯವಾಗಿ ಲ್ಯಾಟಿನ್ ಅಚ್ಚಾಗುವಾಗ ಈ ವ್ಯತ್ಯಾಸ ಕಾಣುವುದೇ ಇಲ್ಲ, ಎರಡಕ್ಕೂ ಒಂದೇ ಅಕ್ಷರ. ಪಾಠದ ಪುಸ್ತಕಗಳಲ್ಲಿ ಮಾತ್ರ ಮೇಲೊಂದು ಗೆರೆ ಎಳೆದಿರುತ್ತಾರೆ. ಹಿಂದಿ ಬರೆಯುವ ಅಕ್ಷರದಲ್ಲಿ ಹ್ರಸ್ವ ಎ, ಹ್ರಸ್ವ ಒ ಬೇರೆಯಾಗಿ ಇಲ್ಲ. ಕನ್ನಡದಲ್ಲಿ ಎ ಬೇರೆ, ಏ ಬೇರೆ, ಒ ಬೇರೆ, ಓ ಬೇರೆ. ಬರೆದದ್ದನ್ನು ಬರೆದ ಹಾಗೆ ಓದಿದರೆ ಸಾಕು. ಕಾಗುಣಿತ ಕಲಿತ ಮಗು ಕೂಡ ಸರಿಯಾಗಿ ಓದುತ್ತದೆ. ಒಂದು ಮಾತು ಮಾತ್ರ ಗಮನದಲ್ಲಿರಲಿ. ಹಳೆಯ ರೋಮಿನವರ ಬಾಯಲ್ಲಿ ‘ಚ’ ಇರಲಿಲ್ಲ, ಎಲ್ಲ ‘ಕ’. ಸೀಸರ್ ಅಲ್ಲ, ‘ಕೈಸರ್’. ಚರ್ಚಿನಲ್ಲಿ ಹಾಡುವ ಲ್ಯಾಟಿನ್‌ನಲ್ಲಿ ‘ಚ’ ಬರುತ್ತದೆ. ಯಾವುದನ್ನಾದರೂ ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ವಾಕ್ಯ ಮೂರು ನಾಲ್ಕು ಪದಕ್ಕಿಂತ ಜಾಸ್ತಿ ಬೇಡ. ಪ್ರತಿ ಪದಕ್ಕೂ ಒಂದು ಸಣ್ಣ ಚೀಟಿ ಮಾಡಿ ಮೊದಲನೆಯವರಿಗೆ ಕೊಡಿ. ಚೀಟಿಯಲ್ಲಿ ಪದದ ಅರ್ಥ, ಪಕ್ಕದಲ್ಲಿ ಬಾಲದ ಅರ್ಥ. ‘ಲಪಿದೆಂ: ಕಲ್ಲು + ಅನ್ನು’, ಇಷ್ಟು. ಒಂದು ಪದಕ್ಕೆ ಮೂರು ಅರ್ಥ ಇದ್ದರೆ ಮೂರನ್ನೂ ಬರೆಯಿರಿ, ಆರಿಸುವುದು ಆಡುವವರ ಕೆಲಸ. ನಾನು ಖಾಲಿ ಬಿಲ್ ಬುಕ್ಕಿನ ಹಾಳೆ ಹರಿದು ಮಾಡುತ್ತೇನೆ. ಅರ್ಥ ನೋಡಲು ಲೂಯಿಸ್ ಮತ್ತು ಶಾರ್ಟ್ ಅವರ 1879ರ ನಿಘಂಟು ಅಂತರ್ಜಾಲದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಅದು ಇಂಗ್ಲಿಷಿನಲ್ಲಿದೆ, ದೀರ್ಘದ ಗುರುತೂ ಇದೆ.

ಈಗ ಆಟದ ಜೀವಾಳ. ಇದನ್ನು ಬಿಟ್ಟರೆ ಇದು ಸುಮ್ನೆ ನಗುವ ಆಟ ಆಗುತ್ತದೆ. ನಿಮ್ಮ ಭಾಷೆ ಬಲವಂತ ಮಾಡಿದಾಗ ಮಾತ್ರ ಹೊಸದೇನಾದರೂ ಸೇರಿಸಿ, ಸೇರಿಸಿದ್ದರ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಹಾಕಿ. ಪಟ್ಟಿ ಬಿಚ್ಚಿದ ಮೇಲೆ ಹೀಗೆ ಹಾಕಿದ ಪ್ರತಿ ಸುತ್ತಿಗೂ ಕಾರಣ ಹೇಳಬೇಕು. ಕಾರಣ ಸರಿಯಾಗಿದ್ದರೆ ಒಂದು ಅಂಕ. ಸುತ್ತು ಹಾಕದೆ ಯಾರಾದರೂ ಏನಾದರೂ ಸೇರಿಸಿದ್ದನ್ನು ಇನ್ನೊಬ್ಬರು ಹಿಡಿದರೆ, ಹಿಡಿದವರಿಗೆ ಎರಡು. ಅವತ್ತು ಮಂಡಿಯ ಅಣ್ಣನಿಗೆ ನಾನು ಕೊಟ್ಟ ‘ರಾತ್ರಿ’ಗೆ ಸುತ್ತು ಹಾಕಿರಲಿಲ್ಲ. ಮೊದಲು ನಾವು ಕೊನೆಯ ಕನ್ನಡ ಸಾಲು ಲ್ಯಾಟಿನ್‌ಗೆ ಹೊಂದಿದರೆ ಎಲ್ಲರಿಗೂ ಅಂಕ ಅಂತ ಇಟ್ಟಿದ್ದೆವು. ಆಮೇಲೆ ಅದನ್ನು ತೆಗೆದೆವು. ಅಂಕದ ಆಸೆಗೆ ಎಲ್ಲರೂ ಪದಕ್ಕೆ ಪದ ಜೋಡಿಸಲು ಶುರು ಮಾಡಿದರು, ಯಾವ ಭಾಷೆಯೂ ಅದರದರ ಹಾಗೆ ಕೇಳಿಸದಾಯಿತು.

ಆಟದ ಒಂದು ಸುತ್ತನ್ನು ಪೂರ್ತಿ ತೋರಿಸುತ್ತೇನೆ. ವಾಕ್ಯ ನಾನೇ ಕಟ್ಟಿದ್ದು, ನಮ್ಮ ಜಿಲ್ಲೆಯ ನೆನಪಿಗೆ: ‘ಔರುಂ ಇನ್ ತೆರ್ರಾ ಎಸ್ತ್’. ಔರುಂ ಎಂದರೆ ಚಿನ್ನ, ಇಲ್ಲಿ ‘ಂ’ ಇದ್ದರೂ ಅದು ‘ಅನ್ನು’ ಅಲ್ಲ. ರಸಾಯನಶಾಸ್ತ್ರದಲ್ಲಿ ಚಿನ್ನಕ್ಕೆ ‘ಎಯು’ ಅಂತ ಗುರುತು ಯಾಕೆ ಅಂತ ಮಗಳಿಗೆ ಅವತ್ತೇ ಗೊತ್ತಾದದ್ದು. ತೆರ್ರ ಎಂದರೆ ಭೂಮಿ, ಮಣ್ಣು, ನಾಡು, ಮೂರೂ ಹೌದು. ‘ಇನ್ ತೆರ್ರಾ’ ಎಂದು ದೀರ್ಘ ಬಂದರೆ ‘ಅಲ್ಲಿ’ ಸೇರಿತು. ಎಸ್ತ್ ಎಂದರೆ ಇದೆ.

ಮಗಳು ಬರೆದಳು: ‘ಚಿನ್ನ ಭೂಮಿಯಲ್ಲಿದೆ.’ ಅತ್ತೆ: ‘ಬಂಗಾರಂ ಭೂಮಿಲೋ ಉಂದಿ.’ ಅಕ್ಕ: ‘ತಂಗಂ ನಿಲತ್ತುಲ ಇರುಕ್ಕು.’ ಹುಡುಗ: ‘ಜಮೀನ್ ಮೇ ಸೋನಾ ಹೈ.’ ನಮ್ಮ ಯಜಮಾನರು: ‘ಜಮೀನಿನಲ್ಲಿ ಚಿನ್ನ ಇದೆ.’

ನೋಡಿ, ಎಷ್ಟು ಮೆತ್ತಗೆ ಜಾರಿತು. ಯಾರೂ ತಪ್ಪು ಮಾಡಿಲ್ಲ. ಭೂಮಿ ತಮಿಳಿನಲ್ಲಿ ನಿಲಂ ಆಯಿತು, ನಿಲಂ ಉರ್ದುವಿನಲ್ಲಿ ಜಮೀನ್ ಆಯಿತು. ಉರ್ದುವಿನ ಜಮೀನ್ ಎಂದರೆ ನೆಲ, ಭೂಮಿ ಎಲ್ಲ. ಆದರೆ ಅದೇ ಮಾತು ಕನ್ನಡಕ್ಕೆ ಬಂದರೆ ಪಹಣಿ ಇರುವ, ಉಳುವ, ಮಾರುವ ಜಮೀನು. ಇನ್ನೊಂದನ್ನು ಅತ್ತೆ ಹಿಡಿದರು. ಹುಡುಗ ಪದಗಳ ಜಾಗ ಬದಲಿಸಿದ್ದ. ‘ಚಿನ್ನ ಭೂಮಿಯಲ್ಲಿದೆ’ ಎಂದರೆ ಯಾವುದೋ ಗೊತ್ತಿರುವ ಚಿನ್ನ, ಅದು ಎಲ್ಲಿದೆ ಅಂತ ಹೇಳಿದ ಹಾಗೆ. ‘ಭೂಮಿಯಲ್ಲಿ ಚಿನ್ನ ಇದೆ’ ಎಂದರೆ ಹೊಸ ಸುದ್ದಿ. ಲ್ಯಾಟಿನ್ ವಾಕ್ಯ ಎರಡಕ್ಕೂ ಬಾಗಿಲು ತೆರೆದಿಟ್ಟಿತ್ತು. ಅತ್ತೆಗೆ ಎರಡು ಅಂಕ. ಅಕ್ಕನ ಅಪ್ಪ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ‘ಎರಡೂ ವಾಕ್ಯ ಇವತ್ತಿಗೂ ನಿಜ’ ಅಂತ ಅಕ್ಕ ಹೇಳಿದಾಗ ನಾವೆಲ್ಲ ಸ್ವಲ್ಪ ಹೊತ್ತು ಸುಮ್ಮನಾದೆವು.

ಅದೇ ಪಟ್ಟಿಯ ಉರ್ದು ಸಾಲನ್ನು ಆಮೇಲೆ ನನ್ನ ತಂಗಿಯ ಮಗನಿಗೆ ಕೊಟ್ಟೆ. ಅವನು ಶಾಲೆಯಲ್ಲಿ ಹಿಂದಿ ಕಲಿಯುತ್ತಾನೆ. ಅವನು ಬರೆದದ್ದು: ‘ನೆಲದಲ್ಲಿ ಮಲಗಬೇಕು.’ ಸೋನಾ ಎಂದರೆ ಚಿನ್ನವೂ ಹೌದು, ಮಲಗುವುದೂ ಹೌದು. ಇಂಥದ್ದು ಸಿಕ್ಕರೆ ಆ ಪಟ್ಟಿಯನ್ನು ಎತ್ತಿಡಿ. ನನ್ನ ಹತ್ತಿರ ಒಂದು ಬಿಸ್ಕತ್ ಡಬ್ಬಿ ತುಂಬ ಇವೆ.

ಎರಡನೆಯ ಸುತ್ತಿಗೆ ಒಂದೇ ಪದ ಕೊಟ್ಟು ನೋಡಿ: ‘ವೆನಿತ್’. ಇದಕ್ಕೆ ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಮೂರೂ ಅರ್ಥ. ಕನ್ನಡ ಒಪ್ಪುವುದಿಲ್ಲ, ಯಾರು ಅಂತ ಹೇಳಲೇಬೇಕು. ಮಗಳು ‘ಬರುತ್ತಾಳೆ’ ಎಂದು ಬರೆದು ‘ಳೆ’ಗೆ ಸುತ್ತು ಹಾಕಿದಳು. ಅತ್ತೆ ‘ವಸ್ತಾದಿ’ ಎಂದರು, ಪುಸ್ತಕದ ತೆಲುಗಿನಲ್ಲಿ ‘ವಸ್ತುಂದಿ’. ತೆಲುಗಿನಲ್ಲಿ ಅವಳಿಗೂ ಅದಕ್ಕೂ ಒಂದೇ ಕ್ರಿಯಾಪದ. ಹೆಂಗಸು ಬಂದರೂ ವಸ್ತಾದಿ, ಬಸ್ಸು ಬಂದರೂ ವಸ್ತಾದಿ. ಅಕ್ಕನ ಕಿವಿಗೆ ಅದು ಬಸ್ಸಾಗಿ ಕೇಳಿಸಿತು. ಅವಳು ಬಂದರೆ ತಮಿಳಿನಲ್ಲಿ ‘ವರ್ರಾ’, ಅದು ಬಂದರೆ ‘ವರುದು’. ಅಕ್ಕ ‘ವರುದು’ ಎಂದರು. ಕೊನೆಗೆ ಕನ್ನಡಕ್ಕೆ ಬಂದಾಗ ‘ಬರುತ್ತದೆ’. ಮಗಳು ಸೇರಿಸಿದ ಹೆಣ್ಣನ್ನು ತೆಲುಗು ಮೆಲ್ಲಗೆ ಇಳಿಸಿಬಿಟ್ಟಿತ್ತು. ಇಷ್ಟು ವರ್ಷ ತೆಲುಗು ಆಡಿದರೂ ಅತ್ತೆ ಇದನ್ನು ಗಮನಿಸಿರಲಿಲ್ಲವಂತೆ. ಅವತ್ತು ಇಡೀ ಸಂಜೆ ವಸ್ತಾದಿ, ಪೋತಾದಿ ಅಂತ 'ದಿ' ಹುಡುಕುತ್ತಾ ಕೂತಿದ್ದರು.

‘ನಾವು’ ಇರುವ ವಾಕ್ಯ ಒಂದಾದರೂ ಇರಲಿ. ‘ದೊಮುಂ ಈಮುಸ್’, ಮನೆಗೆ ಹೋಗುತ್ತೇವೆ. ಲ್ಯಾಟಿನ್‌ನಲ್ಲೂ ಕನ್ನಡದಲ್ಲೂ ನಾವು ಒಂದೇ. ತೆಲುಗಿನಲ್ಲಿ ಎರಡು. ಕೇಳುವವರನ್ನು ಸೇರಿಸಿಕೊಂಡರೆ ‘ಮನಂ’, ಬಿಟ್ಟರೆ ‘ಮೇಮು’. ತಮಿಳಿನಲ್ಲೂ ‘ನಾಮ’, ‘ನಾಂಗ’ ಅಂತ ಎರಡು. ಅತ್ತೆ ಏನು ಆರಿಸುತ್ತಾರೆ ನೋಡಿ. ನಮ್ಮ ಅತ್ತೆ ಒಂದು ಕ್ಷಣವೂ ಯೋಚಿಸದೆ ‘ಮನಂ’ ಎಂದರು.

ಮರ್ಯಾದೆಯದು ಬೇರೆಯೇ ಕಥೆ. ಲ್ಯಾಟಿನ್‌ನಲ್ಲಿ ಒಬ್ಬರೇ ಇದ್ದರೆ ‘ತೂ’, ಜಾಸ್ತಿ ಜನ ಇದ್ದರೆ ‘ವೋಸ್’. ಹಳೆಯ ರೋಮಿನಲ್ಲಿ ಯಜಮಾನನಿಗೂ ಆಳಿಗೂ ‘ತೂ’ನೇ. ಡಾಕ್ಟರ ಚೀಟಿಯ ತಲೆಯ ಮೇಲಿನ ‘Rx’ ಗುರುತು ‘ರೆಕಿಪೆ’, ಅಂದರೆ ‘ತಗೋ’. ಅದು ಔಷಧ ಕಲಸುವವರಿಗೆ, ಅಂದರೆ ನನ್ನಂಥವರಿಗೆ ಹೇಳಿದ್ದು. ಇದನ್ನು ಕನ್ನಡಕ್ಕೆ ತರುವಾಗ ‘ತಗೋ’ ಅನ್ನುವುದಾ, ‘ತಗೊಳ್ಳಿ’ ಅನ್ನುವುದಾ? ಯಾವುದು ಬರೆದರೂ ಸುತ್ತು ಹಾಕಲೇಬೇಕು. ‘ಕ್ವೋ ವಾದಿಸ್’ ಕೊಟ್ಟು ನೋಡಿ. ಎಲ್ಲಿಗೆ ಹೋಗುತ್ತೀಯ, ಅಷ್ಟೇ ಅದರ ಅರ್ಥ. ಮಗಳು ‘ಎಲ್ಲಿಗೆ ಹೋಗ್ತೀರ’ ಎಂದು ಮರ್ಯಾದೆ ಸೇರಿಸಿದಳು. ಅತ್ತೆ ಅದನ್ನು ತೆಲುಗಿಗೆ ಹಾಗೇ ತರಲು ಒಪ್ಪಲಿಲ್ಲ. ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು, ಹೋದ ಕೆಲಸ ಆಗುವುದಿಲ್ಲ ಅಂತ ಅವರ ನಂಬಿಕೆ. ‘ದೂರಮಾ?’ ಅಂತ ಬರೆಸಿದರು. ನಮ್ಮಲ್ಲೂ ಹಿರಿಯರು ‘ದೂರ ಹೊರಟ್ರಾ’ ಅಂತಲೇ ಕೇಳುವುದಲ್ವಾ? ಇದಕ್ಕೆ ಅಂಕ ಕೊಡಬೇಕೋ ಬೇಡವೋ ಅಂತ ಅರ್ಧ ಗಂಟೆ ವಾದ ನಡೆಯಿತು. ನಾನು ಕೊಟ್ಟೆ. ಅದು ಭಾಷೆಯ ಬಲವಂತ ಅಲ್ಲ, ಆದರೆ ಆ ಭಾಷೆ ಆಡುವ ಮನೆಯ ಬಲವಂತ.

ಮಕ್ಕಳಿದ್ದರೆ ‘ಕವೇ ಕನೆಂ’ನಿಂದ ಶುರು ಮಾಡಿ. ಕ್ರಿ.ಶ. 79ರಲ್ಲಿ ವೆಸುವಿಯಸ್ ಬೆಟ್ಟ ಸಿಡಿದು ಪಾಂಪೇ ಊರು ಬೂದಿಯಲ್ಲಿ ಹೂತುಹೋಯಿತಲ್ಲ, ಅಲ್ಲಿ ಒಂದು ಮನೆಯ ಬಾಗಿಲ ನೆಲದಲ್ಲಿ ಸಣ್ಣ ಸಣ್ಣ ಕಲ್ಲು ಜೋಡಿಸಿ ಸರಪಳಿ ಕಟ್ಟಿದ ನಾಯಿಯ ಚಿತ್ರ ಮಾಡಿದ್ದಾರೆ. ಕೆಳಗೆ ಬರೆದದ್ದು ಈ ಎರಡು ಪದ. ಅರ್ಥ ಹೇಳುವ ಮೊದಲು ಮಕ್ಕಳನ್ನು ಬೀದಿಗೆ ಕರೆದುಕೊಂಡು ಹೋಗಿ ಗೇಟುಗಳ ಮೇಲಿನ ಬೋರ್ಡು ಓದಿಸಿ. ‘ನಾಯಿ ಇದೆ ಎಚ್ಚರಿಕೆ.’ ಲ್ಯಾಟಿನ್‌ನಲ್ಲಿ ‘ಇದೆ’ ಇಲ್ಲ, ‘ನಾಯಿಯನ್ನು ಕುರಿತು ಹುಷಾರಾಗಿರು’ ಅಂತ ಒಬ್ಬನಿಗೆ ಹೇಳಿದ್ದು. ನಮ್ಮ ಬೋರ್ಡು ಯಾರಿಗೂ ಹೇಳುವುದಿಲ್ಲ, ನಾಯಿ ಇದೆ ಅನ್ನುತ್ತದೆ, ಎಚ್ಚರಿಕೆ ಅನ್ನುತ್ತದೆ, ಮಿಕ್ಕದ್ದು ನಿಮಗೆ ಬಿಟ್ಟದ್ದು. ತೆಲುಗಿನಲ್ಲೂ ‘ಕುಕ್ಕ ಉಂದಿ ಜಾಗ್ರತ್ತ’, ಹುಡುಗನ ಮಾತಿನಲ್ಲಿ ‘ಕುತ್ತಾ ಹೈ, ಹುಷಾರ್’. ‘ಇದೆ’ಗೆ ಸುತ್ತು ಹಾಕಬೇಕಾ? ಮಕ್ಕಳೇ ಹೇಳಲಿ.

ಒಂದು ಸುತ್ತನ್ನು ಬೇರೆ ಥರ ಆಡಬಹುದು. ಅರ್ಥ ಉಳಿಸುವುದರ ಜೊತೆಗೆ ಸದ್ದನ್ನೂ ಉಳಿಸಬೇಕು. ಕ್ರಿ.ಪೂ. 47ರಲ್ಲಿ ಜೇಲಾ ಎಂಬ ಕಡೆ ಯುದ್ಧ ಗೆದ್ದ ರೋಮಿನ ದಂಡನಾಯಕ ಕೈಸರ್ ಹೇಳಿದ ‘ವೇನೀ, ವೀದೀ, ವೀಕೀ’ ಇದಕ್ಕೆ ಸರಿ. ಮೂರು ಪದ, ಪದಕ್ಕೆರಡು ಅಕ್ಷರ. ‘ನಾನು’ ಅಂತ ಬೇರೆ ಪದವೇ ಇಲ್ಲ, ಬಾಲದಲ್ಲೇ ಇದೆ. ಮಗಳು ಒಂದೇ ಉಸಿರಿಗೆ ‘ಬಂದೆ, ಕಂಡೆ, ಗೆದ್ದೆ’ ಎಂದಳು. ಅಕ್ಕ ‘ವಂದೇನ್, ಕಂಡೇನ್, ವೆನ್ಡ್ರೇನ್’ ಎಂದಾಗ ಎರಡು ವಕಾರವೂ ಬಂದವು. ಉರ್ದುವಿನಲ್ಲಿ ‘ಆಯಾ’ ಎಂದರೆ ಗಂಡಸು, ‘ಆಯಿ’ ಎಂದರೆ ಹೆಂಗಸು. ಹುಡುಗ ‘ಯಾ’ಗೆ ಸುತ್ತು ಹಾಕಿದ. ಬಂದೆ ಅನ್ನುವಾಗ ಕನ್ನಡ ಅದನ್ನು ಕೇಳುವುದೇ ಇಲ್ಲ.

ಒಂದು ಸಂಜೆಗೆ ನಾಲ್ಕು ಸುತ್ತು ಸಾಕು. ಆಮೇಲೆ ತಲೆ ಓಡುವುದಿಲ್ಲ, ಚೀಟಿ ನೋಡದೆ ಬರೆಯಲು ಶುರು ಮಾಡುತ್ತಾರೆ. ಇನ್ನು ಕೆಲವು ವಾಕ್ಯ ಕೊಡುತ್ತೇನೆ. ‘ಮನುಸ್ ಮನುಂ ಲವತ್’, ಕೈ ಕೈಯನ್ನು ತೊಳೆಯುತ್ತದೆ. ‘ಹೊಮೋ ಹೊಮಿನೀ ಲುಪುಸ್’, ಮನುಷ್ಯನಿಗೆ ಮನುಷ್ಯ ತೋಳ. ಇದರಲ್ಲಿ ಕ್ರಿಯಾಪದವೇ ಇಲ್ಲ, ಕನ್ನಡಕ್ಕೂ ಬೇಕಾಗುವುದಿಲ್ಲ, ಉರ್ದುವಿಗೆ ಬೇಕಾಗುತ್ತದೆ. ‘ಫೆಸ್ತೀನಾ ಲೆಂತೇ’, ನಿಧಾನವಾಗಿ ಅವಸರ ಮಾಡು. ಇದನ್ನು ಗಾದೆಯಿಂದ ಮುಚ್ಚಿಬಿಡಲು ಬಿಡಬೇಡಿ. ‘ನಿಧಾನವೇ ಪ್ರಧಾನ’ ಎಂದರೆ ಅವಸರ ಪೂರ್ತಿ ಹೊರಟುಹೋಯಿತು, ಲ್ಯಾಟಿನ್‌ಗೆ ಎರಡೂ ಬೇಕು.

ಎಲ್ಲರಿಗೂ ರೂಢಿಯಾದ ಮೇಲೆ ನನ್ನ ಕೌಂಟರಿನ ಒಂದು ಮಾತು ಆಡಿ ನೋಡಿ. ‘ಸೀ ಒಪುಸ್ ಸಿತ್’. ಚೀಟಿಯಲ್ಲಿ ‘ಎಸ್.ಒ.ಎಸ್.’ ಅಂತ ಇರುತ್ತದೆ, ನೋವಿನ ಮಾತ್ರೆಗೆ ಜಾಸ್ತಿ. ಸೀ ಎಂದರೆ ಆದರೆ, ಇದ್ದರೆ. ಒಪುಸ್ ಎಂದರೆ ಇಲ್ಲಿ ಅಗತ್ಯ. ಮಗಳು ‘ಬೇಕಾದರೆ’ ಎಂದಳು. ಅತ್ತೆ ‘ಕಾವಾಲಂಟೇ’, ಅಕ್ಕ ‘ವೇಣುಂನಾ’, ಹುಡುಗ ‘ಹೋನಾ ತೋ’. ಕೊನೆಗೆ ನಮ್ಮ ಯಜಮಾನರು ‘ಇಷ್ಟ ಇದ್ದರೆ’ ಎಂದು ಬರೆದರು. ನನಗೆ ಎದೆ ಧಸಕ್ಕೆಂದಿತು. ನಮ್ಮ ನಾಲ್ಕೂ ಭಾಷೆಯಲ್ಲಿ ಬೇಕು ಅನ್ನುವುದು ಅಗತ್ಯವೂ ಹೌದು, ಆಸೆಯೂ ಹೌದು. ಲ್ಯಾಟಿನ್‌ನಲ್ಲಿ ಆಸೆಗೆ ಬೇರೆ ಮಾತಿದೆ, ‘ವೊಲೋ’. ನೋವಿನ ಮಾತ್ರೆಯನ್ನು ‘ಬೇಕಾದ್ರೆ ತಗೊಳ್ಳಿ’ ಅಂತ ಎಷ್ಟು ಜನರಿಗೆ ಹೇಳಿ ಕಳಿಸಿದ್ದೇನೋ.

ಪಟ್ಟಿಯನ್ನು ಮತ್ತೆ ಮೇಲಿನಿಂದ ಶುರು ಮಾಡಿದೆವು. ಈ ಸಲ ಎಲ್ಲರಿಗೂ ಲ್ಯಾಟಿನ್ ತೋರಿಸಿದೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ ‘ನೊಪ್ಪಿ ತಟ್ಟುಕೋಲೇಕಪೋತೇನೇ’ ಎಂದರು. ನೋವು ಅಂತ ಲ್ಯಾಟಿನ್‌ನಲ್ಲಿ ಇಲ್ಲ, ತಡೆಯುವುದೂ ಇಲ್ಲ. ಅದಕ್ಕೆ ತಾವೇ ಪೆನ್ನು ತಗೊಂಡು ದಪ್ಪಗೆ ಸುತ್ತು ಹಾಕಿದರು. ಈಗ ಆ ಮಾತ್ರೆಯ ಕವರಿನ ಮೇಲೆ ನಾನು ಬರೆಯುವುದು ಅದನ್ನೇ: ‘ನೋವು ತಡೆಯಲು ಆಗದಿದ್ದರೆ ಮಾತ್ರ ಒಂದು.’